ಅಂದಾಜು ಯಂತ್ರ: ಶಿಕ್ಷಕರಿಗೊಂದು ಬಳಕೆಯ ಕೈಪಿಡಿ

(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಪ್ರಾಥಮಿಕ ಶಾಲೆಗಳಿಗೆ ಮಾತ್ರ. ಬೇರೆ ಕಡೆ ಬಳಸಿದರೆ ತಯಾರಕರು ಹೊಣೆಯಲ್ಲ. ಅಲ್ಲಿನ ಬೆಟ್ಟ ಬೇರೆ, ಹೊಳೆ ಬೇರೆ.)

ಮೊದಲು ಇದನ್ನು ಓದಿ

ಮಾನ್ಯ ಗುರುಗಳೆ, ನಿಮ್ಮ ತರಗತಿಯ ಪ್ರತಿ ಮಗುವಿನೊಳಗೂ ಒಂದು ಅಂದಾಜು ಯಂತ್ರ ಮೊದಲೇ ಕೂತಿದೆ. ಕರೆಂಟ್ ಬೇಡ, ಹಾಗಾಗಿ ನಮ್ಮ ಏಪ್ರಿಲ್‌ನಲ್ಲೂ ನಡೆಯುತ್ತದೆ. ಆದರೆ ಶಾಲೆಗೆ ಬಂದ ಎರಡು ಮೂರು ವರ್ಷಕ್ಕೆ ಇದು ಕೆಟ್ಟು ನಿಲ್ಲುವುದುಂಟು. ಕೆಟ್ಟದ್ದನ್ನು ಗುರುತಿಸುವುದು ಸುಲಭ. 3 ಕಿಲೋಮೀಟರ್ 250 ಮೀಟರ್ ಅಂದರೆ ಎಷ್ಟು ಮೀಟರ್ ಎಂದು ಕೇಳಿ. ಮಗು ತಡವರಿಸದೆ 3,250 ಎನ್ನುತ್ತದೆ. ಈ ಬಾಗಿಲು ಎಷ್ಟೆತ್ತರ ಎಂದು ಕೇಳಿ. "ಇಪ್ಪತ್ತ ಮೀಟರ್ ಅದರಿ ಸರ" ಎಂದು ಅಷ್ಟೇ ಧೈರ್ಯದಿಂದ ಹೇಳುತ್ತದೆ. ಆನೆಯ ಮೇಲೆ ಆನೆ ನಿಲ್ಲಿಸುತ್ತ ಹೋದರೆ ಆರು ಆನೆ ಹಿಡಿಸುವ ಬಾಗಿಲು ಅದು.

ಕೆಡುವುದಕ್ಕೆ ಕಾರಣ ಒಂದೇ: ಸುಮಾರಾಗಿ ಸರಿ ಇರುವ ಉತ್ತರಕ್ಕೆ ನಾವು ಅಂಕ ಇಟ್ಟಿಲ್ಲ. ಎರಡೂಕಾಲು ಮೀಟರ್ ಎಂದ ಮಗುವಿಗೂ ಇಪ್ಪತ್ತು ಎಂದ ಮಗುವಿಗೂ ಒಂದೇ ಕೆಂಪು ಗೆರೆ. ಹೀಗಿರುವಾಗ ಕಣ್ಣೆತ್ತಿ ಬಾಗಿಲು ನೋಡುವ ದರ್ದು ಯಾರಿಗಿದೆ?

ಬಿಡಿಭಾಗಗಳು

ಗೇಣು, ಮೊಳ, ಮಾರು, ಹೆಜ್ಜೆ. ಇವಕ್ಕೆ ಟೆಂಡರ್ ಕರೆಯಬೇಕಿಲ್ಲ. ಪ್ರತಿ ಮಗು ತನ್ನ ಗೇಣನ್ನು ಸ್ಕೇಲಿನ ಮೇಲಿಟ್ಟು ಎಷ್ಟು ಸೆಂಟಿಮೀಟರ್ ಎಂದು ಪಟ್ಟಿಯ ಹಿಂದೆ ಬರೆದುಕೊಳ್ಳಲಿ. ಜೂನ್‌ನಲ್ಲಿ ಬರೆದದ್ದು ಮಾರ್ಚ್ ಹೊತ್ತಿಗೆ ಹಳತಾಗುತ್ತದೆ, ಕೈ ಬೆಳೆಯುತ್ತದಲ್ಲ, ಮತ್ತೆ ಅಳೆಯಿರಿ. ಹೂ ಮಾರುವವರ ಮೊಳವನ್ನು ಮಾದರಿಯಾಗಿ ಹಿಡಿಯಬೇಡಿ. ಅದು ಹಬ್ಬದ ದಿನ ಕುಗ್ಗುತ್ತದೆ.

ತೂಕಕ್ಕೆ ಮಗು ಹೊತ್ತ, ಎತ್ತಿದ ವಸ್ತುಗಳೇ ಗುರುತು: ಕಿಲೋ ಉಪ್ಪಿನ ಪಾಕೀಟು, ಅರ್ಧ ಲೀಟರ್ ಹಾಲು, 50 ಕಿಲೋ ಸಿಮೆಂಟ್ ಚೀಲ. ಯೂರಿಯಾ ಚೀಲದ ಬಗ್ಗೆ ಮಾತ್ರ ಎಚ್ಚರ. ಅದು 2018ರಿಂದ 45 ಕಿಲೋ. ಅಪ್ಪ ಇನ್ನೂ 50 ಎನ್ನುತ್ತಿದ್ದರೆ ಮಗು ಮನೆಗೆ ಹೋಗಿ ಚೀಲದ ಮೇಲಿನ ಅಕ್ಷರ ಓದಿ ಹೇಳಲಿ.

ಅಜ್ಜಿಯ ಸೇರನ್ನು ಅಟ್ಟಕ್ಕೆ ಹಾಕಬೇಡಿ. ದೇಶದಲ್ಲಿ ಮೆಟ್ರಿಕ್ ತೂಕ 1958ರ ಅಕ್ಟೋಬರ್‌ನಿಂದ ಬರತೊಡಗಿತು. ಅಜ್ಜಿಯ ಅಡುಗೆಮನೆಗೆ ಇನ್ನೂ ಬಂದು ಮುಟ್ಟಿಲ್ಲ. ಒಳ್ಳೆಯದೇ ಆಯಿತು. ಒಂದು ಸೇರು ಜೋಳ ತೂಗಿಸಿ, ಅದೇ ಸೇರಿನಲ್ಲಿ ಚುರುಮುರಿ ತುಂಬಿ ತೂಗಿಸಿ. ಸಾಂದ್ರತೆಯ ಪಾಠ ಮುಗಿಯಿತು, ಪಾಠೋಪಕರಣ ತಿನ್ನುವುದಷ್ಟೇ ಬಾಕಿ.

ಚಾಲೂ ಮಾಡುವ ವಿಧಾನ

ಮೊದಲು ಹೇಳಬೇಕು, ಆಮೇಲೆ ಬರೆಯಬೇಕು, ಕೊನೆಗೆ ಅಳೆಯಬೇಕು. ಈ ಕ್ರಮ ತಪ್ಪಿದರೆ ಯಂತ್ರ ನಕಲು ಹೊಡೆಯತೊಡಗುತ್ತದೆ. ಅಳೆದ ಮೇಲೆ ಹಳೆಯ ಅಂಕಿಯನ್ನು ಅಳಿಸುವಂತಿಲ್ಲ. ಪಕ್ಕದಲ್ಲಿ ವ್ಯತ್ಯಾಸ ಬರೆಯಬೇಕು. ಈ ಹೊತ್ತಿನಲ್ಲಿ ರಬ್ಬರ್‌ಗಳನ್ನೆಲ್ಲ ಮೇಜಿನ ಮೇಲೆ ಒಟ್ಟುಮಾಡಿ ಇಟ್ಟುಕೊಳ್ಳುವುದು ಕ್ಷೇಮ.

ಅಂಕಿ ಹೊಳೆಯದ ಮಗುವಿಗೆ ಎರಡು ಬೇಲಿ ಹಾಕಿಸಿ. ಶಹಾಪುರದಿಂದ ಸುರಪುರ ಎಷ್ಟು ದೂರ? "ಇಲ್ಲೇ ಅದ ತಗೋರಿ" ಎಂಬ ಉತ್ತರವನ್ನು ನಮ್ಮ ಕಡೆಯ ಹಿರಿಯರು ಯಾವ ಊರಿಗಾದರೂ ಕೊಡುತ್ತಾರೆ, ಅದು ನಡೆಯದು. ಹತ್ತು ಕಿಲೋಮೀಟರಿಗಿಂತ ಹೆಚ್ಚೋ? ಹೆಚ್ಚು. ಐವತ್ತು ಇದೆಯೇ? ಬಸ್ಸಿನಲ್ಲಿ ಅಷ್ಟು ಹೊತ್ತು ಕೂಡುವುದಿಲ್ಲ. ಹೀಗೆ ಬೇಲಿಯನ್ನು ಒಳಗೊಳಗೆ ತಳ್ಳುತ್ತ ಇಪ್ಪತ್ತು ಮೂವತ್ತರ ನಡುವೆ ತಂದು ನಿಲ್ಲಿಸಿದ ಮಗುವಿಗೆ ಪೂರ್ತಿ ಅಂಕ ಕೊಡಿ. ಉಳಿದದ್ದನ್ನು ರಸ್ತೆ ಬದಿಯ ಕಲ್ಲು ಹೇಳುತ್ತದೆ.

ಇನ್ನು ಶಹಾಪುರದವರಿಗೆ ಒಂದು ವಿಶೇಷ ಸೌಲಭ್ಯ. ಊರ ಬೆಟ್ಟದಲ್ಲಿ ಬುದ್ಧ ಮಲಗಿದ್ದಾನೆ. ಅವನು ಎದ್ದು ನಿಂತರೆ ಎಷ್ಟೆತ್ತರ? ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ, ತೋಳು ನೀಟಾಗಿ ಚಾಚಿ, ಗೇಣು ಬಿಡಿಸಿ, ಒಂದು ಕಣ್ಣು ಮುಚ್ಚಿ ಹಿಡಿಯಲು ಹೇಳಿ. ಚಾಚಿದ ಕೈಯ ಗೇಣು ಕಣ್ಣಿನಿಂದ ಅದಕ್ಕಿರುವ ದೂರದ ಮೂರನೇ ಒಂದು ಭಾಗದಷ್ಟಿರುತ್ತದೆ. ಹಾಗಾಗಿ ತಲೆಯಿಂದ ಪಾದದವರೆಗೆ ಬುದ್ಧ ಸರಿಯಾಗಿ ಒಂದು ಗೇಣಿನಲ್ಲಿ ಹಿಡಿದರೆ ಅವನ ಉದ್ದ ನೀವು ನಿಂತಲ್ಲಿಂದ ಬೆಟ್ಟಕ್ಕಿರುವ ದೂರದ ಮೂರನೇ ಒಂದು ಭಾಗ. ನಾಲ್ಕನೇ ತರಗತಿಯ ಪುಟ್ಟ ಕೈಗೂ ಹೆಡ್‌ಮಾಸ್ತರರ ದೊಡ್ಡ ಕೈಗೂ ಲೆಕ್ಕ ಒಂದೇ, ಏಕೆಂದರೆ ಗೇಣು ಗಿಡ್ಡವಿದ್ದವರ ತೋಳೂ ಗಿಡ್ಡ. ಮಕ್ಕಳು ಮುಂದೆ ಹಿಂದೆ ಓಡಾಡಿ ಬುದ್ಧನನ್ನು ಗೇಣಿಗೆ ಹೊಂದಿಸುವ ಗದ್ದಲಕ್ಕೆ ಒಂದು ಪೂರ್ತಿ ಮಧ್ಯಾಹ್ನ ಬೇಕು.

ಹೆಚ್ಚಿನ ಒತ್ತಡದಲ್ಲಿ ಬಳಕೆ

ಮಳೆಗಾಲದಲ್ಲಿ ಪತ್ರಿಕೆ ಬರೆಯುತ್ತದೆ: ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಇಷ್ಟು ಲಕ್ಷ ಕ್ಯೂಸೆಕ್ ನೀರು, ಕೊಳ್ಳೂರು ಸೇತುವೆ ಮುಳುಗಡೆ. ಊರೆಲ್ಲ ಕ್ಯೂಸೆಕ್ ಕ್ಯೂಸೆಕ್ ಎನ್ನುತ್ತದೆ. ಅದನ್ನು ಕಣ್ಣಿಗೆ ತಂದುಕೊಂಡವರು ಕಡಿಮೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಮನೆಯ ಪ್ಲಾಸ್ಟಿಕ್ ಕೊಡ 14, 15 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ; ಅಂದರೆ ಸೆಕೆಂಡಿಗೆ ಎರಡು ಕೊಡ. ಲಕ್ಷ ಕ್ಯೂಸೆಕ್ ಎಂದರೆ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಎರಡು ಲಕ್ಷ ಕೊಡ. ಮನೆಗೆ ದಿನಕ್ಕೆ ಇಪ್ಪತ್ತು ಕೊಡವಾದರೆ, ಹತ್ತು ಸಾವಿರ ಮನೆಗಳ ಒಂದು ದಿನದ ನೀರು ಒಂದು ಸೆಕೆಂಡಿನಲ್ಲಿ ಹೋಯಿತು. ಅದೇ ಹರಿವು ಹಗಲು ರಾತ್ರಿ ನಡೆದರೆ ದಿನಕ್ಕೆ 8.64 ಟಿಎಂಸಿ (ಶತಕೋಟಿ ಘನ ಅಡಿ), ಸುಮಾರು 33 ಟಿಎಂಸಿ ಹಿಡಿಯುವ ಬಸವಸಾಗರ ಒಳಹರಿವು ನಿಂತರೆ ನಾಲ್ಕು ದಿನದೊಳಗೆ ಖಾಲಿ. ಸೇತುವೆ ಯಾಕೆ ಮುಳುಗುತ್ತದೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ಸರತಿಯಲ್ಲಿ ಯಾಕೆ ನಿಲ್ಲಬೇಕು ಎಂದು ಕೇಳಬಹುದು. ಆ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರ ಅಡಕವಾಗಿಲ್ಲ.

ಇಂಥ ಅಂದಾಜಿಗೆ ದೊಡ್ಡ ವಿಜ್ಞಾನಿಗಳೂ ಹೊರತಲ್ಲ. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯಾದಾಗ ವಿಜ್ಞಾನಿ ಎನ್ರಿಕೋ ಫರ್ಮಿ ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟು, ಅವು ಗಾಳಿಗೆ ಎಷ್ಟು ಸರಿದವೆಂದು ನೋಡಿ ಸ್ಫೋಟದ ಬಲ ಹೇಳಿದನಂತೆ. ಅವನ ಅಂದಾಜು ನಿಜದ ಅರ್ಧದಷ್ಟಿತ್ತು. ನಮ್ಮಲ್ಲಾಗಿದ್ದರೆ ಸೊನ್ನೆ.

ಸಂತೆಯಲ್ಲಿ ಪರೀಕ್ಷೆ

ಈ ಜಿಲ್ಲೆಯ ಶಾಲೆಗಳಿಗೆ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಹೊಸದಲ್ಲ. ಅಂಗಳದಲ್ಲಿ ಬದನೆಕಾಯಿ, ಮೆಂತೆಪಲ್ಯೆ ಹರವಿಕೊಂಡು ಮಕ್ಕಳು ತಕ್ಕಡಿ ಹಿಡಿಯುತ್ತಾರೆ, ಅತಿಥಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನದೊಂದೇ ತಕರಾರು: ತಕ್ಕಡಿ ಬೇಗ ಹೊರಗೆ ಬರುತ್ತದೆ. ಕೊಳ್ಳುವವರು ಮೊದಲು ಕೈಯಲ್ಲಿ ಎತ್ತಿ ತೂಕ ಹೇಳಲಿ, ಮಾರುವ ಮಗುವೂ ಹೇಳಲಿ, ಹತ್ತಿರ ಬಂದವರಿಗೆ ಒಂದು ಬದನೆಕಾಯಿ ಪುಕ್ಕಟೆ.

ಎಚ್ಚರಿಕೆ

ಹಿಂದಿನ ಬೆಂಚಿನ ಒಂದು ಮಗು ಯಾವ ಗಂಟು ಎತ್ತಿದರೂ ಕಿಲೋ ತಪ್ಪದೆ ಹೇಳಿದರೆ ಕೂಡಲೇ ಚಪ್ಪಾಳೆ ಹೊಡೆಸಬೇಡಿ. ಹಾಜರಿ ಪುಸ್ತಕ ತೆಗೆದು ನವೆಂಬರ್, ಡಿಸೆಂಬರ್ ನೋಡಿ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹೊಲದ ಬದುವಿನಲ್ಲಿ ತೂಗುವವನು ಅರ್ಧ ಕಿಲೋ ಕಡಿಮೆ ಹೇಳಿದರೆ ಕೂಲಿಗೆ ಕುತ್ತು, ಆದ್ದರಿಂದ ಆ ಕೈ ಕಲಿತಿದೆ. ನಮ್ಮ ಯಾವ ತರಬೇತಿಗೂ ಬಾರದ ನಿಖರತೆ ಅದು. ಅಷ್ಟು ದುಬಾರಿ ಬೆಲೆಗೆ ನಮಗೆ ಬೇಡ. ಮಗುವನ್ನು ಶಾಲೆಗೆ ಕರೆತನ್ನಿ, ಬಾಗಿಲಿನ ಎತ್ತರ ತಪ್ಪಾಗಿಯೇ ಹೇಳಲಿ.

ದೋಷ ಮತ್ತು ದುರಸ್ತಿ

ಮಗು ಬಾಯಿ ಬಿಡದಿದ್ದರೆ: ಇದು ಯಂತ್ರದ ದೋಷವಲ್ಲ, ಎದುರಿಗೆ ನಿಂತವರ ದೋಷ. ಶಿಕ್ಷಕರು ಮೊದಲು ತಮ್ಮ ಅಂದಾಜನ್ನು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ನಂತರ ಟೇಪನ್ನು ತರಗತಿಯ ಅತ್ಯಂತ ತುಂಟ ಹುಡುಗಿಯ ಕೈಗೆ ಕೊಡಬೇಕು. ಅವಳು ಅಳೆದು, ಮತ್ತೊಮ್ಮೆ ಅಳೆದು, "ಸರ, ನಿಮ್ದು ಮೂವತ್ತ ಸೆಂಟಿಮೀಟರ್ ಹೆಚ್ಚಾಗೇದರಿ, ಬರಕೋರಿ" ಎಂದರೆ ಯಂತ್ರ ಚಾಲೂ ಆಯಿತು. ಬರೆದುಕೊಳ್ಳಿ.