ನೆಟ್ ಝೀರೋ ಭಾವ

ನಮ್ಮ ಭಾವ ನಿವೃತ್ತರಾದ ಮೇಲೆ ಓಡಾಟ ಕಡಿಮೆ ಮಾಡಿದ್ದಾರೆ, ಓಡಾಟದ ಇಂಗ್ಲಿಷನ್ನು ಜಾಸ್ತಿ ಮಾಡಿದ್ದಾರೆ. ಅವರ ಮನೆಯಲ್ಲಿ ಈಗ ಬಸ್ಸು, ರೈಲು, ಸೈಕಲ್ಲು ಎಂಬ ಬಿಡಿ ಬಿಡಿ ಮಾತಿಲ್ಲ. ಎಲ್ಲವೂ ಸೇರಿ 'ಮೊಬಿಲಿಟಿ'. ಮಂಡಿನೋವೆಂದು ಹೋದಾಗ ಡಾಕ್ಟರು "ನಿಮ್ಮ ಮೊಬಿಲಿಟಿ ಹೇಗಿದೆ?" ಎಂದು ಕೇಳಿದ್ದೇ ತಡ, ಇವರು ಮೆಟ್ರೊ ಪರ್ಪಲ್ ಲೈನಿನ ವಿಸ್ತರಣೆಯಿಂದ ಉತ್ತರ ಶುರು ಮಾಡಿದರಂತೆ. ಹೊರಗೆ ಕಾಯುತ್ತಿದ್ದ ರೋಗಿಗಳು ಇನ್ನೂ ಇವರ ಹೆಸರು ಮರೆತಿಲ್ಲ.

ಭಾವನಿಗೆ ಬಹಳ ಪ್ರಿಯವಾದದ್ದು ವಿಮಾನ ನಿಲ್ದಾಣದ ದಾರಿ. ಬೆಂಗಳೂರಿನ ಭವಿಷ್ಯವೆಲ್ಲ ದೇವನಹಳ್ಳಿಯ ಕಡೆಗೇ ಓಡುತ್ತದಲ್ಲ! 2018ರಲ್ಲಿ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿ ಟ್ಯಾಕ್ಸಿ ಹಾರಿತು: 15 ನಿಮಿಷ. 2020ರ ಸೆಪ್ಟೆಂಬರಿನಲ್ಲಿ ಹೈಪರ್‌ಲೂಪ್ ಬಂತು, ಅಂದರೆ ಸುದ್ದಿ ಬಂತು. ಗಾಳಿ ತೆಗೆದ ಕೊಳವೆ, ಅದರೊಳಗೆ ಗಂಟೆಗೆ 1,080 ಕಿಲೋಮೀಟರ್ ವೇಗದ ಪಾಡ್, ಊರಿನ ನಡುವಿಗೆ ಹತ್ತೇ ನಿಮಿಷ. ಇದಾಗುತ್ತದೆಯೇ ಎಂದು ಅಧ್ಯಯನ ಮಾಡಲು ವರ್ಜಿನ್ ಹೈಪರ್‌ಲೂಪ್ ಮತ್ತು ವಿಮಾನ ನಿಲ್ದಾಣದವರ ನಡುವೆ ಒಪ್ಪಂದವೂ ಆಯಿತು. ಆಗ ಕೊರೋನಾ ಕಾಲ. ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲವಾದ್ದರಿಂದ, ಎಷ್ಟು ಬೇಗ ಹೋಗಬಹುದು ಎಂದು ಮಾತಾಡಲು ಎಲ್ಲರಿಗೂ ಪುರುಸೊತ್ತಿತ್ತು. 2023ರ ಕೊನೆಗೆ ಕಂಪನಿಯೇ ಬಾಗಿಲು ಹಾಕಿತು. "ಹೇಳಿದ ಸ್ಪೀಡಲ್ಲೇ ಹೋದರು ಬಿಡಿ" ಎಂದಳು ಅಕ್ಕ.

ಭಾವ ಎದೆಗುಂದಲಿಲ್ಲ, ಹಾರುವ ಟ್ಯಾಕ್ಸಿಗೆ ವರ್ಗವಾದರು. ಅದರ ಹೆಸರು ಇ-ವಿಟಾಲ್. ಬ್ಯಾಟರಿಯಲ್ಲಿ ಓಡುತ್ತದೆ, ರನ್‌ವೇ ಬೇಡ, ನಿಂತಲ್ಲಿಂದಲೇ ಮೇಲೇಳುತ್ತದೆ ಎಂದು ಅವರು ಸೋಫಾದಲ್ಲಿ ಒರಗಿಕೊಂಡು ವಿವರಿಸುತ್ತಿದ್ದರೆ ಅಕ್ಕ, "ಕೂತಲ್ಲಿಂದ ಮೇಲೇಳೋದು ನೀವು ಯಾವಾಗ ಕಲೀತೀರಿ? ಕೊತ್ತಂಬರಿ ಸೊಪ್ಪು ಬೇಕಿತ್ತು" ಎನ್ನುತ್ತಾಳೆ. ಇಷ್ಟು ವರ್ಷ ಭಾವನನ್ನು ಕೇಳಿಸಿಕೊಂಡು ನನಗೆ ಹೊಳೆದದ್ದು ಇಷ್ಟೇ: ಭವಿಷ್ಯದ ವಾಹನ ಎಷ್ಟೇ ತಡವಾಗಲಿ, ಅದರ ಇಂಗ್ಲಿಷು ಮಾತ್ರ ಒಂದು ದಿನವೂ ತಡ ಮಾಡಿದ್ದಿಲ್ಲ.

ಬಂದ ವಾಹನಗಳೂ ಇವೆ, ಇಲ್ಲವೆನ್ನಬಾರದು. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದಿತ್ತು. ನಾವು ಅದನ್ನು ಆಟಿಕೆಯೆಂದು ನಕ್ಕೆವು. ಅದು ಲಂಡನ್ನಿಗೆ ಹೋಗಿ, ನಮ್ಮ ವೆಂಕಟೇಶಮೂರ್ತಿಗಳು ಅಲ್ಲಿ ವೆಂಕಿ ಆಗುವ ಹಾಗೆ, ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡು ಓಡಾಡಿತು. ಈಗ ಭಾವನ ಬಳಿಯೇ ಒಂದು ಎಲೆಕ್ಟ್ರಿಕ್ ಸ್ಕೂಟರಿದೆ. ಜೊತೆಗೆ ಉಚಿತವಾಗಿ 'ರೇಂಜ್ ಆಂಗ್ಸೈಟಿ'ಯೂ ಬಂದಿದೆ. ಹಿಂದೆ ಮದುವೆ ಕರೆಯೋಲೆ ಬಂದರೆ ಮುಹೂರ್ತ ನೋಡುತ್ತಿದ್ದವರು ಈಗ ಛತ್ರ ಎಷ್ಟು ಕಿಲೋಮೀಟರೆಂದು ನೋಡುತ್ತಾರೆ. ತುಮಕೂರಿನ ಒಂದು ಮದುವೆಯಲ್ಲಿ ವಧೂವರರಿಗೆ ಅಕ್ಷತೆ ಹಾಕುವ ಮೊದಲು ಛತ್ರದ ಮ್ಯಾನೇಜರನ್ನು ಹಿಡಿದು ಹದಿನೈದು ಆಂಪಿಯರಿನ ಪ್ಲಗ್ ಪಾಯಿಂಟ್ ಹುಡುಕಿಸಿದರು.

ಸ್ಕೂಟರಿನಲ್ಲಿ ಅವರ ಹೃದಯ ಗೆದ್ದದ್ದು 'ರೀಜೆನ್'. ವೇಗ ತಗ್ಗಿಸಿದಾಗ ಮೋಟಾರೇ ಡೈನಮೋ ಆಗಿ, ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ವಾಪಸು ಕಳಿಸುತ್ತದೆ. "ನಮ್ಮ ಸಿಲ್ಕ್ ಬೋರ್ಡಲ್ಲಿ ಮಾರಿಗೊಂದು ಸಲ ಬ್ರೇಕ್ ಹಿಡೀಬೇಕು. ಅಂದ ಮೇಲೆ ಜಾಮ್ ದಾಟೋ ಹೊತ್ತಿಗೆ ಬ್ಯಾಟರಿ ಫುಲ್ ಆಗಿರ್ಬೇಕಲ್ಲೋ!" ಎಂಬುದು ಅವರ ಸಿದ್ಧಾಂತ. "ಹಾಗಿದ್ರೆ ನಾನು ಖರ್ಚು ಕಮ್ಮಿ ಮಾಡಿದಾಗೆಲ್ಲ ನಿಮ್ಮ ಪೆನ್ಷನ್ ಜಾಸ್ತಿ ಆಗ್ಬೇಕಿತ್ತು" ಎಂದು ಅಕ್ಕ ಭೌತಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ಮುಗಿಸಿದಳು.

ಪರಿಸರದ ಪದಗಳು ಇನ್ನೂ ಸೂಕ್ಷ್ಮ. 'ಕಾರ್ಬನ್ ಫುಟ್‌ಪ್ರಿಂಟ್' ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟರನ್ನು 2004ರ ಸುಮಾರಿಗೆ ಜನರ ಕೈಗೆ ಕೊಟ್ಟು ಆ ಮಾತನ್ನು ಮನೆಮಾತಾಗಿಸಿದ್ದು ಬಿಪಿ ಎಂಬ ಎಣ್ಣೆ ಕಂಪನಿ. ತೈಲ ತೆಗೆದು ಮಾರಿದವರು ಅವರು, ಹೆಜ್ಜೆಗುರುತು ನಮ್ಮದು! ಭಾವ ಇದನ್ನು ತಿಳಿದೂ ದಿನಾ ರಾತ್ರಿ ಮನೆಯವರೆಲ್ಲರ ಹೆಜ್ಜೆ ಲೆಕ್ಕ ಹಾಕುತ್ತಾರೆ. ಎಲ್ಲರಿಗಿಂತ ಕಡಿಮೆ ಬಂದದ್ದು ಅಕ್ಕನದು. ಅವಳು ಬಿಎಂಟಿಸಿ ಬಸ್ಸಿನಲ್ಲಿ, ಅದೂ ಉಚಿತ ಶಕ್ತಿ ಟಿಕೆಟ್ಟಿನಲ್ಲಿ ಓಡಾಡುವವಳು. "ನೀನು ಮೋಡಲ್ ಶಿಫ್ಟ್ ಮಾಡಿದೀಯ" ಎಂದು ಭಾವ ಅಭಿನಂದಿಸಿದರೆ, "ನಾನೇನೂ ಮಾಡಿಲ್ಲಪ್ಪ, ಕಂಡಕ್ಟರ್ ಮುಂದಕ್ಕೆ ಹೋಗಿ ಅಂದ, ಹೋದೆ" ಎಂದು ಗಾಬರಿಯಾದಳು. ಭಾರತ 2070ಕ್ಕೆ ನೆಟ್ ಝೀರೋ ತಲುಪುವುದಾಗಿ 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಘೋಷಿಸಿದ ದಿನ ಭಾವ ಬೆರಳು ಮಡಚಿ ಎಣಿಸಿ, "ಅಷ್ಟೊತ್ತಿಗೆ ನಾವು ಯಾವ ಯೋಜನೆಯೂ ಇಲ್ಲದೆ ನೆಟ್ ಝೀರೋ ಆಗಿರ್ತೀವಿ" ಎಂದರು. ಅವರು ಹೇಳಿದ ಭವಿಷ್ಯಗಳಲ್ಲಿ ನನಗೆ ಪೂರ್ತಿ ನಂಬಿಕೆ ಬಂದದ್ದು ಇದೊಂದೇ.

2025ರ ಆಗಸ್ಟಿನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದಾಗ ಭಾವ ನನ್ನನ್ನೂ ಎಳೆದುಕೊಂಡು ಹೋದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, ಚಾಲಕನಿಲ್ಲದೆ ಓಡಬಲ್ಲ ರೈಲು. ಮೊದಮೊದಲು ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು; ಜೊತೆಗೆ, ಯಾವುದಕ್ಕೂ ಇರಲಿ ಎಂದು ಒಳಗೊಬ್ಬ ಆಪರೇಟರು. ಭಾವನಿಗೆ ಅದರಿಂದ ಕೊಂಚ ಬೇಸರವಾಯಿತು. ಚಾಲಕನಿಲ್ಲದೆ ಬರುವ ರೈಲು ನನಗೇನೂ ಸೋಜಿಗವೆನಿಸಲಿಲ್ಲ. ಚಾಲಕನಿದ್ದೂ ಬರದ ಆಟೋಗಳ ನಡುವೆ ಬೆಳೆದವನು ನಾನು.

ಇಳಿದು ಕೆಳಗೆ ಬಂದರೆ ಅಂಥದೇ ಒಂದು ಆಟೋ. ಒಂದೂವರೆ ಕಿಲೋಮೀಟರಿಗೆ 150 ರೂಪಾಯಿ ಅಂದ. ಇಬ್ಬರ ಮೆಟ್ರೊ ಟಿಕೆಟ್ಟಿಗಿಂತ ಜಾಸ್ತಿ! ನಾನು ಬಾಯಿ ತೆರೆಯುವ ಮೊದಲೇ ಅವನು, "ಲಾಸ್ಟ್ ಮೈಲ್ ಕನೆಕ್ಟಿವಿಟಿ ಸಾರ್. ನಂಬರ್ ಪ್ಲೇಟ್ ನೋಡಿ, ಹಸಿರು. ಝೀರೋ ಎಮಿಷನ್" ಎಂದ. ಭಾವನ ಮುಖ ಅರಳಿತು. ಚೌಕಾಸಿ ಮರೆತು ಹತ್ತಿ ಕೂತೇಬಿಟ್ಟರು.

"ಮೀಟರ್ ಹಾಕಪ್ಪ" ಎಂದೆ ನಾನು.

"ಅದೂ ನೆಟ್ ಝೀರೋ ಸಾರ್" ಎನ್ನುತ್ತ ಅವನು ಗಾಡಿ ಬಿಟ್ಟ.