ಚೌಕಿಯಲ್ಲೇ ಬೆಳಗು

ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಾಗಲಿ, ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ಹಾದು ಬರುವ ಬಸ್ಸಿನಲ್ಲಾಗಲಿ ನೀವು ಅವನನ್ನು ಕಂಡೇ ಕಂಡಿರುತ್ತೀರಿ. ಬ್ಯಾಗು ಬೆನ್ನ ಮೇಲಿರುವುದಿಲ್ಲ, ಕೂಸಿನ ಹಾಗೆ ಎದೆಗೆ ಬಿಗಿದಿರುತ್ತದೆ. ಒಳಗೆ ಲ್ಯಾಪ್‌ಟಾಪ್, ಅದರ ಮುಚ್ಚಳದ ಮೇಲೆ ರಿಯಾಕ್ಟ್, ಡಾಕರ್, ಗಿಟ್ ಸ್ಟಿಕ್ಕರುಗಳು. ದಾಖಲೆಯಲ್ಲಿ ಹೆಸರು ಏನೇ ಇರಲಿ, ಊರಿನ ಬಾಯಲ್ಲಿ ಅವನು ಇನ್‌ಸ್ಟಾಲಣ್ಣ. "ಎಂಥ ಮಾರಾಯ, ವೆಬ್‌ಸೈಟ್ ಮಾಡ್ಲಿಕ್ಕೆ ಕಲಿತಾ ಇದ್ದಿಯಂತೆ, ಎಲ್ಲಿಗೆ ಬಂತು?" ಎಂದು ಯಾರು ಕೇಳಿದರೂ ಉತ್ತರ ಒಂದೇ: "ಸೆಟಪ್ ಆಗ್ತಾ ಉಂಟು."

ಯಕ್ಷಗಾನದ ಚೌಕಿಗೆ ಇಣುಕಿದವರಿಗೆ ಇವನ ಜಾತಕ ಬೇಗ ಅರ್ಥವಾದೀತು. ಬಣ್ಣದ ವೇಷಕ್ಕೆ ಚಿಟ್ಟಿ ಇಡಲು ಗಂಟೆಗಟ್ಟಲೆ ಬೇಕು, ಒಪ್ಪೋಣ. ಆದರೆ ಆ ವೇಷಧಾರಿ ಕೊನೆಗೊಮ್ಮೆ ರಂಗಸ್ಥಳಕ್ಕೆ ಬಂದು ಅಬ್ಬರಿಸುತ್ತಾನೆ. ನಮ್ಮವನಿಗೆ ಚಿಟ್ಟಿ ಇಟ್ಟು ಮುಗಿಯುವಷ್ಟರಲ್ಲಿ ಭಾಗವತರು ಮಂಗಳ ಹಾಡಿ ಎದ್ದಿರುತ್ತಾರೆ.

ಮೊದಲ ದಿನ ವಿಎಸ್ ಕೋಡ್ ಹಾಕಿದ. ಅದು ಸಲೀಸಾಗಿ ಕೂತಿತು. ಹಾಗಾಗಿ ಅವನಿಗೆ ತೃಪ್ತಿಯಾಗಲಿಲ್ಲ. ಸಂಜೆಯಿಡೀ ಅದಕ್ಕೆ ಕಪ್ಪು ಥೀಮು ಹುಡುಕಿದ. ಕಪ್ಪಿನಲ್ಲಿ ಇಷ್ಟೊಂದು ಬಗೆ ಉಂಟೆಂದು ನನಗೂ ಗೊತ್ತಿರಲಿಲ್ಲ. ಮರುದಿನ ನೋಡ್ ಜೆಎಸ್‌ನ ಸರದಿ. ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ಈ ಸಾಧನ 2009ರಿಂದ ಉಂಟು. ಇನ್‌ಸ್ಟಾಲರು ನಡುವೆ ಒಂದು ಚೌಕ ತೋರಿಸಿ, ಅಗತ್ಯವಿರುವ ಇತರ ಸಾಮಗ್ರಿಯನ್ನೂ ತಾನೇ ತಂದು ಹಾಕಲೇ ಎಂದು ಕೇಳುತ್ತದೆ. ಹೊಸಬನಿಗೆ ಅದು ಬೇಕಾಗಿಯೇ ಇಲ್ಲ. ಆದರೆ ಪುಕ್ಕಟೆ ಬರುವುದನ್ನು ಬೇಡ ಎನ್ನುವುದು ನಮ್ಮ ಜಿಲ್ಲೆಯವರ ಜಾಯಮಾನವಲ್ಲ. ಒತ್ತಿದ. ಒಂದು ಕಿಟಕಿ ತೆರೆದು ಅಕ್ಷರಗಳು ಸರಸರನೆ ಓಡತೊಡಗಿದವು: ಚಾಕೊಲೇಟಿ ಬಂತು, ಪೈಥಾನ್ ಬಂತು, ಹಿಂದಿನಿಂದ ವಿಷುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಎಂಬ ಗಿಗಾಬೈಟುಗಟ್ಟಲೆ ಮೂಟೆ ಹೊರಟಿತು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ ಅಪ್ಪನಿಗೆ ಓದಲಿಕ್ಕೆ ಸಿಕ್ಕಿದ್ದು ಒಂದೇ ಶಬ್ದ. "ಚಾಕೊಲೇಟಿಗೆಲ್ಲ ದುಡ್ಡು ಕೊಟ್ಟೆಯಾ?"

ಅಷ್ಟರಲ್ಲಿ ಕುದುರೆಮುಖದ ಕಡೆಯಿಂದ ಗುಡುಗು. ಮೇ ತಿಂಗಳ ಸಂಜೆಯ ಸಿಡಿಲಿಗೆ ಒಂದಾದರೂ ಮೋಡೆಮ್ ಒಪ್ಪಿಸದ ಮನೆ ನಮ್ಮ ಕಡೆ ಹುಡುಕಿದರೆ ಸಿಗುವುದು ಕಷ್ಟ. ಅಮ್ಮ ಅಡುಗೆಮನೆಯಿಂದ ಓಡಿಬಂದು ವೈರೆಲ್ಲ ಕಿತ್ತರು. ಪೈಥಾನ್ ಅರ್ಧ ಒಳಗೆ, ಅರ್ಧ ಹೊರಗೆ.

ಕರೆಂಟು ಬಂದ ಮೇಲೆ ಎಲ್ಲ ಮೊದಲಿನಿಂದ. ಮುಗಿಸಿ ಕಪ್ಪು ಕಿಟಕಿಯಲ್ಲಿ ನೋಡ್‌ನ ಹೆಸರು ಟೈಪಿಸಿದರೆ ವಿಂಡೋಸ್ ಹೇಳಿದ್ದೇನು? ಈ ಹೆಸರಿನವರು ಒಳಗೂ ಇಲ್ಲ, ಹೊರಗೂ ಇಲ್ಲ. ಮೂರು ಸಲ ತೆಗೆದು ಮೂರು ಸಲ ಹಾಕಿದ. ಅಸಲಿಗೆ ಆ ಕಿಟಕಿ ಇನ್‌ಸ್ಟಾಲಿಗೆ ಮೊದಲೇ ತೆರೆದದ್ದು. ಪಾತ್ ಎಂಬ ವಿಳಾಸಪಟ್ಟಿ ಬದಲಾದ ಸುದ್ದಿ ಅದಕ್ಕೆ ತಲುಪಿರಲಿಲ್ಲ. ಮುಚ್ಚಿ ಇನ್ನೊಮ್ಮೆ ತೆರೆದಿದ್ದರೆ ಸಾಕಿತ್ತು. ಕೊನೆಗೆ ಬೇಸರದಿಂದ ಮುಚ್ಚಿ ಮಲಗಿದ. ಬೆಳಗ್ಗೆ ತೆರೆದಾಗ ತಾನಾಗಿ ಸರಿಯಾಗಿತ್ತು. ಅಮ್ಮ ಹೇಳಿದ ಹರಕೆಯ ಫಲ ಎಂದು ಮನೆಯವರು ನಂಬಿದ್ದಾರೆ. ಅವನೂ ಅಲ್ಲಗಳೆಯುವುದಿಲ್ಲ.

ಇಷ್ಟಾದದ್ದೇ ಅವನು ಗುರುವಾದ. ಬಸ್ಸಿನಲ್ಲಿ ಜೂನಿಯರುಗಳಿಗೆ ಉಪದೇಶ ಶುರು. "ನೋಡ್‌ನಲ್ಲಿ ಕರೆಂಟ್ ಆವೃತ್ತಿ ಹಾಕ್ಬೇಡ, ಎಲ್‌ಟಿಎಸ್ ಹಾಕು. ಗಿಟ್ ಹಾಕುವಾಗ ಎಡಿಟರ್ ವಿಮ್ ಅಂತ ಇರ್ತದೆ, ಅದನ್ನು ಬದಲಿಸು. ಒಳಗೆ ಹೋದರೆ ಹೊರಗೆ ಬರ್ಲಿಕ್ಕೆ ದಾರಿಯಿಲ್ಲ." ದಾರಿ ಉಂಟು: ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಅವನು ಕಂಡುಕೊಂಡ ದಾರಿ ಪವರ್ ಬಟನ್ನನ್ನು ಒತ್ತಿ ಹಿಡಿಯುವುದು.

ಅವನ ನಿಜವಾದ ಪರೀಕ್ಷೆ ನಡೆದದ್ದು ಊರ ದೇವಸ್ಥಾನದ ಬ್ರಹ್ಮಕಲಶದಲ್ಲಿ. ಚಪ್ಪರ ಒಬ್ಬರಿಗೆ, ಹೊರೆಕಾಣಿಕೆ ಇನ್ನೊಬ್ಬರಿಗೆ ಹಂಚಿದ ಸಮಿತಿ ವೆಬ್‌ಸೈಟನ್ನು ಇವನ ತಲೆಗೆ ಕಟ್ಟಿತು. ಒಂದೇ ಪುಟ ಸಾಕು: ದಿನ, ಕಾರ್ಯಕ್ರಮ, ದಾರಿ, ದೇಣಿಗೆಯ ಖಾತೆ. ಇವನು ಆ ಒಂದು ಪುಟಕ್ಕೆ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಇಳಿಸಿದ. ಸಾವಿರಾರು ಕಡತಗಳು ನೋಡ್ ಮಾಡ್ಯೂಲ್ಸ್ ಎಂಬ ಕೋಣೆಯಲ್ಲಿ ಬಂದು ತುಂಬಿದವು. ಇಳಿದದ್ದರಲ್ಲಿ ಭದ್ರತಾ ದೋಷಗಳುಂಟು ಎಂದು ಎನ್‌ಪಿಎಂ ಎಚ್ಚರಿಸಿತು. ಬಲವಂತದ ರಿಪೇರಿಗೆ ಅಪ್ಪಣೆ ಕೊಟ್ಟ. ಅದುವರೆಗೆ ನಡೆಯುತ್ತಿದ್ದದ್ದೂ ನಿಂತಿತು. ಕಾಲೇಜಿನಲ್ಲಿ ಕೇಳಿ ಬರುತ್ತೇನೆಂದು ಇಡೀ ಕೋಣೆಯನ್ನೇ ಪೆನ್‌ಡ್ರೈವಿಗೆ ಹಾಕತೊಡಗಿದರೆ ನಕಲಾಗಿ ಮುಗಿಯುವಾಗ ಸಿದ್ಧಕಟ್ಟೆಯ ಬಸ್ಸು ಹೋಗಿಯಾಗಿತ್ತು. ಆ ಹೊರೆ ಹೊರುವ ಅಗತ್ಯವೇ ಇಲ್ಲ. ಪ್ಯಾಕೇಜ್ ಜೇಸನ್ ಎಂಬ ಸಣ್ಣ ಪಟ್ಟಿ ಒಯ್ದರೆ ಉಳಿದದ್ದನ್ನು ಆ ಕಡೆಯ ಕಂಪ್ಯೂಟರು ತಾನೇ ತರಿಸಿಕೊಳ್ಳುತ್ತದೆ.

ಆಮಂತ್ರಣದ ಒಕ್ಕಣೆ ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಅಕ್ಷರದಲ್ಲಿ ಬಂದಿತ್ತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡವು. ಯೂನಿಕೋಡಿಗೆ ಬದಲಿಸದೆ ಅಂಟಿಸಿದರೆ ವೇಷ ಕಳಚುತ್ತದೆ. ಇವನು ಹಾಗೇ ಅಂಟಿಸಿದ. ದೇವರ ಹೆಸರಿದ್ದಲ್ಲಿ ತಲೆಗೆ ಗೀಟೆಳೆದುಕೊಂಡ ಇಂಗ್ಲಿಷ್ ಎ, ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ. ಖಜಾಂಚಿಗಳು ಕುತೂಹಲದಿಂದ ಕೇಳಿದರು: "ದೇಣಿಗೆ ಲಂಡನ್ನಿನಿಂದ ಬರ್ಲಿಕ್ಕುಂಟಾ?"

ಹೊರೆಕಾಣಿಕೆ ಹೊರಡುವ ಮುನ್ನಾದಿನ ರಾತ್ರಿ ಏನೋ ಕೂಡಿಬಂದು ಪರದೆಯ ಮೇಲೆ ರಿಯಾಕ್ಟಿನ ಚಿಹ್ನೆ ಗಿರಗಿರನೆ ತಿರುಗಿತು. ಆನಂದಕ್ಕೆ ಪಾರವಿಲ್ಲದೆ ವಿಳಾಸವನ್ನು ಸಮಿತಿಯ ಗ್ರೂಪಿಗೂ ಕುಟುಂಬದ ಗ್ರೂಪಿಗೂ ಹಾಕಿದ: ಲೋಕಲ್‌ಹೋಸ್ಟ್ 3000. ಲೋಕಲ್‌ಹೋಸ್ಟ್ ಎಂದರೆ ನೋಡುವವರ ಸ್ವಂತ ಯಂತ್ರ. ದುಬೈಯ ಮಾವ ಅದನ್ನು ತನ್ನ ಫೋನಿನೊಳಗೇ ಹುಡುಕಿ, "ಇಲ್ಲಿ ಬ್ಲಾಕ್ ಮಾಡಿದ್ದಾರೆ ಕಾಣ್ತದೆ" ಎಂದು ದುಬೈಯ ಮೇಲೆ ತಪ್ಪು ಹೊರಿಸಿದರು. ಅಂತೂ ಬಿ.ಸಿ. ರೋಡಿನ ಡಿಟಿಪಿಯವರು ಆಮಂತ್ರಣವನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪಿಗೆ ಬಿಟ್ಟರು. ಊರಿಗೆ ಊರೇ ಬಂದು ಉಂಡು ಹೋಯಿತು. ಪುಟ ಇನ್ನೂ ತಿರುಗುತ್ತಿತ್ತು.

2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡದವರು ಕ್ರಿಯೇಟ್ ರಿಯಾಕ್ಟ್ ಆ್ಯಪಿಗೆ ನಿವೃತ್ತಿ ಘೋಷಿಸಿದರು. ಸುದ್ದಿ ಕೇಳಿ ನಮ್ಮವನು ಕುಗ್ಗಲಿಲ್ಲ, ಅರಳಿದ. ಈಗ ಅದರ ಬದಲು ವೀಟ್ ಇಳಿಸಬಹುದಲ್ಲ!

ಅವನನ್ನು ಪೂರ್ತಿ ದೂರಲಿಕ್ಕೂ ಮನಸ್ಸಾಗುವುದಿಲ್ಲ. ಗುಡ್ಡೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರುಗಳು ಘಟ್ಟದ ಬುಡದಲ್ಲಿವೆ. ಅಲ್ಲಿ ಕೂತು ಇಷ್ಟನ್ನೆಲ್ಲ ಇಳಿಸುವ ಹಟವನ್ನು ಮೆಚ್ಚಬೇಕು. ಆದರೆ 1991ರಲ್ಲಿ ಟಿಮ್ ಬರ್ನರ್ಸ್-ಲೀ ಲೋಕಕ್ಕೆ ತೋರಿಸಿದ ಮೊದಲ ಪುಟದಲ್ಲಿ ಬರೀ ಬರಹ ಮತ್ತು ಕೊಂಡಿಗಳಿದ್ದವು. ಆಗಿನ್ನೂ ಜಾವಾಸ್ಕ್ರಿಪ್ಟೇ ಹುಟ್ಟಿರಲಿಲ್ಲ. ಹೊಸದಾಗಿ ಕಲಿಯುವವರಿಗೆ ಬೇಕಾದ ನೋಟ್‌ಪ್ಯಾಡೂ ಬ್ರೌಸರೂ ಲ್ಯಾಪ್‌ಟಾಪ್ ಕೊಂಡ ದಿನವೇ ಅದರಲ್ಲಿದ್ದವು. ಕಡತವನ್ನು ಉಳಿಸುವಾಗ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟದಂತೆ ನೋಡಿಕೊಂಡರಾಯಿತು.

ನಿಮ್ಮ ಕುಟುಂಬದ ಗ್ರೂಪಿನಲ್ಲೂ ಒಂದು ದಿನ ಲೋಕಲ್‌ಹೋಸ್ಟ್ ಬಂದೀತು. ಒತ್ತಿ ಪ್ರಯೋಜನವಿಲ್ಲ, ತೆರೆಯುವುದಿಲ್ಲ. ಹಾಗೆಂದು ಸುಮ್ಮನಿರಬೇಡಿ, ಹುಡುಗನಿಗೆ ಒಂದು ಹೆಬ್ಬೆರಳು ಒತ್ತಿ ಬಿಡಿ.