ಹೋರಿನಾಯಕತ್ವ ಮೀಮಾಂಸೆ: ರಟ್ಟೀಹಳ್ಳಿ ಸೀಮೆಯ ತಂತ್ರಾಂಶ ಶಾಸ್ತ್ರ

ತಂತ್ರಾಂಶ ಕಂಪನಿಗಳಲ್ಲಿ ತಂಡ ಕಟ್ಟುವ ವಿದ್ಯೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತೆಂಬ ಭ್ರಮೆ ವಿದ್ವಜ್ಜನರಲ್ಲಿ ಬೇರೂರಿದೆ. ಅದು ಹುಟ್ಟಿದ್ದು ಕುಮುದ್ವತಿ ದಂಡೆಯ ರಟ್ಟೀಹಳ್ಳಿ ಸೀಮೆಯಲ್ಲಿ, ಅದೂ ಬಲಿಪಾಡ್ಯಮಿಯಂದು, ಎಂದು ಸಾಧಿಸುವುದೇ ಈ ಪ್ರಬಂಧದ ಉದ್ದೇಶ. ಪುರಾವೆ ಕಡಿಮೆ, ಹುರುಪು ಹೆಚ್ಚು. ಪಿಎಚ್‌ಡಿಗೆ ಇಷ್ಟು ಸಾಕೆಂದು ಬಲ್ಲವರು ಹೇಳುತ್ತಾರೆ.

ರಟ್ಟೀಹಳ್ಳಿ ಇರುವ ಹಾವೇರಿ ಜಿಲ್ಲೆಗೂ ಕಂಪ್ಯೂಟರಿಗೂ ಏನು ಸಂಬಂಧ ಎಂಬುದು ಮೊದಲ ಆಕ್ಷೇಪ. 1981ರಲ್ಲಿ ಇನ್ಫೋಸಿಸ್ ಶುರುಮಾಡಲು ಗಂಡನ ಕೈಗೆ 10,000 ರೂಪಾಯಿ ಕೊಟ್ಟ ಸುಧಾ ಮೂರ್ತಿ ಹುಟ್ಟಿದ್ದು ಇದೇ ಜಿಲ್ಲೆಯ ಶಿಗ್ಗಾಂವಿಯಲ್ಲಿ. ಶಿಗ್ಗಾಂವಿ ರಟ್ಟೀಹಳ್ಳಿಯ ಪಕ್ಕದಲ್ಲೇನೂ ಇಲ್ಲ ಎಂಬ ಉಪಾಕ್ಷೇಪವನ್ನು ಭೂಗೋಳದ ಮೇಷ್ಟ್ರುಗಳಿಗೆ ಬಿಟ್ಟಿದ್ದೇನೆ.

ಇನ್ನು ಪೂರ್ವಪಕ್ಷ. 1965ರಲ್ಲಿ ಬ್ರೂಸ್ ಟಕ್‌ಮನ್ ತಂಡಕ್ಕೆ ನಾಲ್ಕು ಅವಸ್ಥೆ ಹೇಳಿದ: ಕೂಡುವುದು, ಕಚ್ಚಾಡುವುದು, ಹೊಂದುವುದು, ದುಡಿಯುವುದು. 1986ರಲ್ಲಿ ಟಕೆಯುಚಿ, ನೊನಾಕಾ ಎಂಬ ಜಪಾನಿ ಪಂಡಿತರು ರಗ್ಬಿ ಆಟದಲ್ಲಿ ತಂಡದ ಲಕ್ಷಣ ಕಂಡರು. ಇಂದಿನ ‘ಸ್ಕ್ರಮ್’ಗೆ ಅದೇ ಮೂಲ. 2001ರಲ್ಲಿ ಯೂಟಾದ ಹಿಮಗುಡ್ಡದ ಮೇಲೆ 17 ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆ ಹೊರಡಿಸಿದರು. ಇವರಾರೂ ಕೊಬ್ಬರಿ ಹೋರಿ ನೋಡಿರಲಿಕ್ಕಿಲ್ಲ. ನೋಡಿದ್ದರೆ ಇಷ್ಟೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಬಲಿಪಾಡ್ಯಮಿಯ ಹೋರಿ ಬೆದರಿಸುವ ಹಬ್ಬದ ಲಕ್ಷಣ ಹೀಗೆ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಕೊಂಬಿಗೆ ರಿಬ್ಬನ್ನು ಬಲೂನು, ಮೈಮೇಲೆ ಜೂಲ. ಅಖಾಡದ ಇಕ್ಕೆಲಕ್ಕೂ ಜನ. ಹೋರಿ ಓಡಬೇಕು, ಹಿಡಿಯುವವರು ಎಗರಿ ಕೊಬ್ಬರಿ ಹರಿಯಬೇಕು. ಹರಿಯಗೊಡದೆ ದಾಟಿದ ಹೋರಿಗೆ ಹೆಸರು. ಅದರ ಹಿಂದೆ ದೊಡ್ಡ ತಂಡವೇ ಇದೆ: ಹುರುಳಿ ಬೇಯಿಸುವವರು, ಕೆರೆಯಲ್ಲಿ ಈಜಿಸುವವರು, ಮೈ ತಿಕ್ಕುವವರು, ಹಗ್ಗ ಹಿಡಿಯುವವರು, ಬ್ಯಾನರ್ ಕಟ್ಟುವ ಅಭಿಮಾನಿ ಬಳಗ. ಕೊನೆಯವರಿಗೆ ಕೆಲಸ ಕಡಿಮೆ, ಅಂಗಿ ಮಾತ್ರ ಎಲ್ಲರದೂ ಒಂದೇ ಬಣ್ಣ. ಕಂಪನಿಯಲ್ಲಿ ಇವರನ್ನು ಮಾನವ ಸಂಪನ್ಮೂಲ ವಿಭಾಗ ಎನ್ನುತ್ತಾರೆ.

ಈ ತಂಡದ ನಾಯಕ ಯಾರು? ಹೋರಿಯೇ ಎನ್ನುತ್ತದೆ ಒಂದು ಪಂಥ; ಮಾಲೀಕ ಎನ್ನುತ್ತದೆ ಮಾಲೀಕರ ಪಂಥ. ಸಿದ್ಧಾಂತವೇನೆಂದರೆ, ಅಖಾಡದ ಬಾಯಲ್ಲಿ ಹಗ್ಗ ಬಿಡುವವನೇ ನಾಯಕ. ತುಸು ಮೊದಲು ಬಿಟ್ಟರೆ ಹೋರಿ ಜನರ ಮೇಲೆ ನುಗ್ಗೀತು. ತಡಮಾಡಿದರೆ ಹೋರಿಯ ಹಿಂದೆ ಅವನೇ ನೆಲ ಉತ್ತಾನು. ಬೆಂಗಳೂರಿನ ಟೀಮ್ ಲೀಡರುಗಳಲ್ಲಿ ಈ ಎರಡನೆಯ ಜಾತಿಯೇ ಹೆಚ್ಚು. ಎಂಜಿನಿಯರು ಓಟ ಕಿತ್ತ ಮೇಲೂ ಹಗ್ಗ ಬಿಡದೆ, ‘ಐದೇ ನಿಮಿಷ, ಒಂದು ಕಾಲ್ ಮಾಡೋಣ’ ಎನ್ನುತ್ತ ಧೂಳಿನಲ್ಲಿ ಎಳೆಸಿಕೊಂಡು ಹೋಗುತ್ತಾರೆ. ಆ ಸ್ಥಿತಿಗೆ ಶಾಸ್ತ್ರದಲ್ಲಿ ಅಲೈನ್‌ಮೆಂಟ್ ಎಂದು ಹೆಸರು.

ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆಂದು 1975ರಲ್ಲಿ ಬರೆದು ಫ್ರೆಡ್ ಬ್ರೂಕ್ಸ್ ಕೀರ್ತಿ ಪಡೆದ. ಮೊಂಡುಬಿದ್ದ ಹೋರಿಯ ಬಾಲ ತಿರುಚಲು ಹತ್ತು ಜನ ಓಡಿಬಂದರೆ ಅದು ಕೂತೇ ಬಿಡುತ್ತದೆಂದು ಇಲ್ಲಿ ಶಾಲೆ ತಪ್ಪಿಸಿಕೊಂಡ ಹುಡುಗನಿಗೂ ಗೊತ್ತು. ಅವನನ್ನು ಯಾವ ವಿಶ್ವವಿದ್ಯಾಲಯವೂ ಉಪನ್ಯಾಸಕ್ಕೆ ಕರೆದಿಲ್ಲ.

‘ಸೋತು ಕಲಿಯಿರಿ’ ಎಂಬ ಕಂಪನಿ ಘೋಷಣೆಯನ್ನು ಮಾತ್ರ ಅಖಾಡಕ್ಕೆ ತರುವಂತಿಲ್ಲ. ಹೋರಿ ತಿವಿದು ಜನ ಸತ್ತಿದ್ದಾರೆ. ಈ ಪರಿಚ್ಛೇದದಲ್ಲಿ ನಗಿಸಲು ಪ್ರಬಂಧಕಾರನಿಗೆ ಮನಸ್ಸಿಲ್ಲ.

ಐತಿಹಾಸಿಕ ಆಧಾರ ಕೇಳುವವರಿಗೆ 1764 ಇದೆ. ಹಿಂದಿನ ವರ್ಷವಷ್ಟೇ ಬಿದನೂರು ಗೆದ್ದಿದ್ದ ಹೈದರಾಲಿಯನ್ನು ಪೇಶ್ವೆ ಮಾಧವರಾಯ ಸೋಲಿಸಿದ್ದು ಇದೇ ರಟ್ಟೀಹಳ್ಳಿಯಲ್ಲಿ. ಮಾಧವರಾಯನಿಗೆ ಆಗ 19 ವರ್ಷ. ಈಗಿನ ಲೆಕ್ಕದಲ್ಲಿ ಇಂಟರ್ನ್. 1762ರಲ್ಲಿ ಆಳೇಗಾಂವಿಯಲ್ಲಿ ಸ್ವಂತ ಚಿಕ್ಕಪ್ಪ ರಘುನಾಥರಾಯನೊಡನೆ ಕಾದಾಡಿ ಶರಣಾಗಿಯೂ ಆಗಿತ್ತು. ಟಕ್‌ಮನ್ನನ ಎರಡನೆಯ ಅವಸ್ಥೆಯನ್ನು ಮನೆಯಲ್ಲೇ ಮುಗಿಸಿ ಬಂದಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹೈದರನ ಪಾಳೆಯದಲ್ಲಿ ಬೆಳಗಿನ ‘ಸ್ಟ್ಯಾಂಡ್‌ಅಪ್’ ಸಭೆ ನಡೆಯುತ್ತಿತ್ತೇ ಎಂಬುದು ಮುಂದಿನ ಸಂಶೋಧಕರ ಪಾಲಿಗಿರಲಿ.

ಉಳಿದದ್ದು ಬಹುಮಾನದ ವಿಚಾರ. ಗೆದ್ದ ಹೋರಿಗೆ ಬೈಕು, ಫ್ರಿಜ್ಜು, ಬಂಗಾರ ಕೊಡುವುದುಂಟು. ಬೈಕು ಮಾಲೀಕನ ಅಂಗಳಕ್ಕೆ, ಫ್ರಿಜ್ಜು ಅಡುಗೆಮನೆಗೆ, ಹೋರಿಗೆ ಆ ದಿನ ಒಂದು ಸೇರು ಹೆಚ್ಚಿಗೆ ಹುರುಳಿ. ವರ್ಷಾಂತ್ಯದ ಬೋನಸ್ ಹಂಚಿಕೆಯನ್ನು ಇದರೊಡನೆ ತೌಲನಿಕವಾಗಿ ಪರಿಶೀಲಿಸಲು ಒಂದು ಹೋರಿಯನ್ನೂ ಒಬ್ಬ ಎಂಜಿನಿಯರನ್ನೂ ಸಂದರ್ಶಿಸಲಾಯಿತು. ಹೋರಿ ಕೊಂಬು ಅಲ್ಲಾಡಿಸಿತು. ಎಂಜಿನಿಯರು, ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎಂದ.